‘ಕೆದಾರ್’ ಕೈಕೊಟ್ಟಾಗ: ಒಂದು ಸ್ಪ್ಯಾನಿಷ್ ಕ್ರಿಯಾಪದದ ದೋಷ ನಿವಾರಣೆ ಕೈಪಿಡಿ

ಸ್ಪ್ಯಾನಿಷ್ ಕಲಿಯಲು ತೊಡಗಿದ ಕನ್ನಡಿಗರು ಮೊದಲ ಕೆಲವು ತಿಂಗಳು ಸರಾಗವಾಗಿ ಸಾಗಿ, ಒಂದು ಹಂತದಲ್ಲಿ ‘ಕೆದಾರ್’ ಎಂಬ ಕ್ರಿಯಾಪದದ ಮುಂದೆ ನಿಂತುಬಿಡುವುದನ್ನು ನಾನು ಅನೇಕ ಬಾರಿ ನೋಡಿದ್ದೇನೆ. ನಾನೂ ಅಲ್ಲಿಯೇ ನಿಂತಿದ್ದೆ. ಈ ಕ್ರಿಯಾಪದದ ರೂಪಗಳಲ್ಲಿ ತೊಡಕೇನೂ ಇಲ್ಲ. ‘ಆರ್’ ಎಂದು ಮುಗಿಯುವ ನಿಯಮಬದ್ಧ ಕ್ರಿಯಾಪದಗಳಲ್ಲಿ ಇದೂ ಒಂದು, ಒಂದೇ ಒಂದು ಅಪವಾದವೂ ಇಲ್ಲದೆ ಎಲ್ಲ ಕಾಲಗಳಲ್ಲಿಯೂ ನಡೆಯುತ್ತದೆ. ತೊಡಕಿರುವುದು ಅರ್ಥದಲ್ಲಿ. ನಿಘಂಟು ತೆರೆದರೆ ಉಳಿ, ಇರು, ಒಪ್ಪು, ಭೇಟಿಗೆ ಮಾತಾಗು, ಇಟ್ಟುಕೊ, ಪರಿಣಮಿಸು ಎಂದು ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ಅರ್ಥಗಳು ಸಾಲುಗಟ್ಟಿ ನಿಂತಿರುತ್ತವೆ, ಮತ್ತು ಅವನ್ನು ಬಾಯಿಪಾಠ ಮಾಡಿದವರೂ ಮಾತಿನ ನಡುವೆ ಈ ಪದ ಬಂದಾಗ ತಪ್ಪು ಅರ್ಥವನ್ನೇ ಹಿಡಿಯುತ್ತಾರೆ.

ದೋಷ ಎಲ್ಲಿದೆ ಎಂಬುದನ್ನು ಹಂತಹಂತವಾಗಿ ಪತ್ತೆಹಚ್ಚಿ ಸರಿಪಡಿಸಿಕೊಳ್ಳಲು ಈ ಕೈಪಿಡಿಯನ್ನು ಬರೆದಿದ್ದೇನೆ. ಸ್ಪ್ಯಾನಿಷ್ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಕೊಡುವಾಗ ಒತ್ತು ಬೀಳುವ ಸ್ವರವನ್ನು ದೀರ್ಘವಾಗಿ ಬರೆದಿದ್ದೇನೆ; ಪದದ ಕೊನೆಯಲ್ಲಿ ಬರುವ ಅಕಾರವನ್ನು ನುಂಗದೆ, ಬಾಯಿ ತೆರೆದು ಸ್ಪಷ್ಟವಾಗಿ ಉಚ್ಚರಿಸಬೇಕು. ಉಚ್ಚಾರಣೆ ಲ್ಯಾಟಿನ್ ಅಮೆರಿಕದ ರೂಢಿಯದ್ದು.

ದೋಷದ ಲಕ್ಷಣಗಳು

ದೋಷವಿದೆಯೇ ಎಂದು ತಿಳಿಯಲು ನಾಲ್ಕು ಸಂದರ್ಭಗಳನ್ನು ನೋಡಿದರೆ ಸಾಕು. ‘ನನ್ನಲ್ಲಿ ಎರಡು ಪೇಸೊ ಉಳಿದಿವೆ’ ಎನ್ನಬೇಕಾದಾಗ ‘ಯೋ ಕೇದೊ ದೋಸ್ ಪೇಸೊಸ್’ ಎಂದು ಬಾಯಿಗೆ ಬರುವುದು ಮೊದಲನೆಯದು. ಅಂಗಡಿಯಲ್ಲಿ ‘ತೆ ಕೇದ ಬ್ಯೇನ್’ ಎಂದು ಯಾರಾದರೂ ಹೇಳಿದಾಗ, ನೀವು ಚೆನ್ನಾಗಿ ಎಲ್ಲೋ ತಂಗಿದ್ದೀರಿ ಎಂದು ಕೇಳಿಸುವುದು ಎರಡನೆಯದು. ‘ನಾನು ಬೆಂಗಳೂರಿನಲ್ಲಿ ವಾಸವಾಗಿದ್ದೇನೆ’ ಎನ್ನಲು ಈ ಕ್ರಿಯಾಪದವನ್ನೇ ಬಳಸುವುದು ಮೂರನೆಯದು. ನಾಲ್ಕನೆಯದು ಎಲ್ಲಕ್ಕಿಂತ ಗಂಭೀರ: ‘ಕೆದೇ ಕೊನ್ ಆನ’ ಮತ್ತು ‘ಮೆ ಕೆದೇ ಕೊನ್ ಆನ’ ಎಂಬ ಎರಡು ವಾಕ್ಯಗಳು ಒಂದೇ ಎಂದು ತೋರುವುದು. ಮೊದಲ ವಾಕ್ಯದಲ್ಲಿ ಆನಾಳನ್ನು ಭೇಟಿಯಾಗಲು ಮಾತಾಗಿದೆ. ಎರಡನೆಯದರಲ್ಲಿ ಹೇಳುವವನು ಆನಾಳ ಜೊತೆಯಲ್ಲಿಯೇ ಉಳಿದುಕೊಂಡಿದ್ದಾನೆ. ಇವುಗಳಲ್ಲಿ ಒಂದು ಲಕ್ಷಣ ಕಂಡರೂ ಮುಂದಿನ ತಪಾಸಣೆಗಳನ್ನು ಕ್ರಮವಾಗಿ ಮಾಡುವುದು ಒಳ್ಳೆಯದು, ಏಕೆಂದರೆ ಇವೆಲ್ಲದರ ಬೇರು ಒಂದೇ.

ಮೊದಲು ಕಿವಿಯನ್ನು ಪರೀಕ್ಷಿಸಿ

ಅರ್ಥದ ದೋಷವೆಂದು ನಾವು ಭಾವಿಸಿದ್ದು ಕೆಲವೊಮ್ಮೆ ಕೇಳುವಿಕೆಯ ದೋಷವಾಗಿರುತ್ತದೆ. ಈ ಪದದ ಬರವಣಿಗೆಯಲ್ಲಿ ಕಾಣುವ ‘ಉ’ಕಾರಕ್ಕೆ ಧ್ವನಿಯಿಲ್ಲ, ‘ಕ್ವೆದಾರ್’ ಎನ್ನುವುದು ತಪ್ಪು. ನಡುವಿನ ವ್ಯಂಜನ ನಮ್ಮ ‘ದ’ಕಾರಕ್ಕೆ ಹತ್ತಿರ, ಆದರೆ ಎರಡು ಸ್ವರಗಳ ನಡುವೆ ಸಿಕ್ಕಿರುವುದರಿಂದ ನಾಲಗೆ ಹಲ್ಲಿಗೆ ಪೂರ್ತಿ ತಾಗದೆ ಸವರಿಕೊಂಡು ಹೋಗುತ್ತದೆ. ಇಂಗ್ಲಿಷ್ ಅಭ್ಯಾಸದಿಂದ ‘ಡ’ಕಾರ ಮಾಡಬಾರದು, ‘ದ’ ಮತ್ತು ‘ಡ’ಗಳನ್ನು ಬೇರೆಬೇರೆಯಾಗಿ ಕೇಳುವ ಕನ್ನಡದ ಕಿವಿಗೆ ಇದು ಸುಲಭವೇ.

ಹೆಚ್ಚು ತೊಂದರೆ ಕೊಡುವುದು ಒತ್ತು. ‘ಕೇದೊ’ ಎಂದರೆ ‘ನಾನು ಉಳಿಯುತ್ತೇನೆ’. ‘ಕೆದೋ’ ಎಂದರೆ ‘ಅವನು ಉಳಿದ’ ಅಥವಾ ‘ಅದು ಉಳಿಯಿತು’. ಅಕ್ಷರಗಳು ಅವೇ, ಒತ್ತು ಬೀಳುವ ಜಾಗ ಮಾತ್ರ ಬೇರೆ. ಬರವಣಿಗೆಯಲ್ಲಿ ಭೂತಕಾಲದ ರೂಪದ ಕೊನೆಯ ಸ್ವರದ ಮೇಲೆ ಒಂದು ಓರೆಗೀಟು ಇರುತ್ತದೆ. ಕನ್ನಡದಲ್ಲಿ ಒತ್ತಿನಿಂದ ಅರ್ಥ ಬದಲಾಗುವುದಿಲ್ಲವಾದ್ದರಿಂದ ಈ ವ್ಯತ್ಯಾಸಕ್ಕೆ ನಮ್ಮ ಕಿವಿ ಪಳಗಿಲ್ಲ, ಆದರೆ ‘ಬಳಿ’ ಮತ್ತು ‘ಬಾಳಿ’ಗಳನ್ನು ಬೇರ್ಪಡಿಸುವ ಹ್ರಸ್ವದೀರ್ಘದ ಸೂಕ್ಷ್ಮ ನಮಗೆ ಹುಟ್ಟಿನಿಂದಲೇ ಬಂದಿದೆ. ಒತ್ತನ್ನು ದೀರ್ಘವೆಂದು ಎಣಿಸಿ ಕೇಳಿಸಿಕೊಂಡರೆ ಎರಡು ರೂಪಗಳು ತಾವಾಗಿಯೇ ಬೇರೆಯಾಗುತ್ತವೆ. ‘ಕೆದಾಮೊಸ್’ ಎಂಬ ಒಂದು ರೂಪ ಮಾತ್ರ ವರ್ತಮಾನಕ್ಕೂ ಭೂತಕ್ಕೂ ಒಂದೇ ಆಗಿದೆ; ಅಲ್ಲಿ ವಾಕ್ಯದಲ್ಲಿರುವ ನಿನ್ನೆ, ನಾಳೆ ಮುಂತಾದ ಕಾಲಸೂಚಕ ಪದಗಳನ್ನು ನೋಡದೆ ಬೇರೆ ಉಪಾಯವಿಲ್ಲ.

ಮೂಲ ಕಾರಣ: ನಡುವೆ ನಿಂತಿರುವ ಇಂಗ್ಲಿಷ್ ಪದ

ಕಿವಿ ಸರಿಯಿದ್ದೂ ಲಕ್ಷಣಗಳು ಮುಂದುವರಿದರೆ, ದೋಷ ಹೆಚ್ಚಾಗಿ ಇರುವುದು ಕಲಿತ ದಾರಿಯಲ್ಲಿ. ನಮ್ಮಲ್ಲಿ ಬಹುತೇಕರು ಸ್ಪ್ಯಾನಿಷನ್ನು ಇಂಗ್ಲಿಷ್ ಪಠ್ಯಪುಸ್ತಕದ ಮೂಲಕ ಕಲಿಯುತ್ತೇವೆ, ಮತ್ತು ಆ ಪುಸ್ತಕದ ಶಬ್ದಪಟ್ಟಿಯಲ್ಲಿ ಈ ಕ್ರಿಯಾಪದದ ಎದುರಿಗೆ ‘ಸ್ಟೇ’ ಎಂಬ ಒಂದೇ ಪದ ಇರುತ್ತದೆ. ಆ ಒಂದು ಪದವನ್ನು ಮನಸ್ಸು ಗಟ್ಟಿಯಾಗಿ ಹಿಡಿದುಕೊಂಡ ಮೇಲೆ ಉಳಿದ ಪ್ರಯೋಗಗಳೆಲ್ಲ ಅಪವಾದಗಳಂತೆ ಕಾಣತೊಡಗುತ್ತವೆ.

ನಮ್ಮ ಕಡೆಯ ಇಂಗ್ಲಿಷ್ ಇನ್ನೊಂದು ಪದರವನ್ನು ಸೇರಿಸುತ್ತದೆ. ‘ಎಲ್ಲಿ ಸ್ಟೇ ಮಾಡ್ತಿದ್ದೀರಾ?’ ಎಂದು ಬೆಂಗಳೂರಿನಲ್ಲಿ ಕೇಳಿದರೆ ಮನೆ ಯಾವ ಬಡಾವಣೆಯಲ್ಲಿ ಎಂದು ಅರ್ಥ. ಆ ಅಭ್ಯಾಸದಲ್ಲಿ ‘ಮೆ ಕೇದೊ ಎನ್ ಬಂಗಲೋರ್’ ಎಂದರೆ ಕೇಳುವವರಿಗೆ ‘ನಾನು ಬೆಂಗಳೂರಿನಲ್ಲಿಯೇ ಉಳಿದುಕೊಳ್ಳುತ್ತೇನೆ, ಮುಂದೆ ಬರುವುದಿಲ್ಲ’ ಎಂದು ತಿಳಿಯುತ್ತದೆ. ವಾಸವನ್ನು ಹೇಳಲು ‘ಬೀಬೊ ಎನ್ ಬಂಗಲೋರ್’ ಎನ್ನಬೇಕು. ಅದಕ್ಕೆ ‘ಬಿಬೀರ್’, ಅಂದರೆ ‘ಬದುಕು, ವಾಸಿಸು’ ಎಂಬ ಬೇರೆಯ ಕ್ರಿಯಾಪದವೇ ಇದೆ. ಮೂರನೆಯ ಲಕ್ಷಣಕ್ಕೆ ಇಷ್ಟೇ ಪರಿಹಾರ.

ಇನ್ನು ಮೂಲಕ್ಕೆ ಹೋಗೋಣ. ‘ಕೆದಾರ್’ ಬಂದಿರುವುದು ಲ್ಯಾಟಿನ್ನಿನ ‘ಕ್ವಿಯೆತಾರೆ’ ಎಂಬ ಕ್ರಿಯಾಪದದಿಂದ. ಅದರ ಅರ್ಥ ಶಾಂತಗೊಳಿಸು, ಸುಮ್ಮನಾಗಿಸು. ಅಲ್ಲಾಡದೆ ಇರುವ ಸ್ಥಿತಿಯನ್ನು ಹೇಳುವ ಸ್ಪ್ಯಾನಿಷಿನ ‘ಕ್ಯೇತೊ’ ಎಂಬ ಗುಣವಾಚಕವೂ ಅದೇ ಬೇರಿನದು, ಆದ್ದರಿಂದ ಮಕ್ಕಳಿಗೆ ‘ಕೇದತೆ ಕ್ಯೇತೊ’, ಅಂದರೆ ‘ಅಲ್ಲಾಡದೆ ಇರು’ ಎಂದು ಗದರುವಾಗ ಒಂದೇ ಬಳಗದ ಎರಡು ಪದಗಳು ಅಕ್ಕಪಕ್ಕ ನಿಲ್ಲುತ್ತವೆ. ಚಲನೆ, ಬದಲಾವಣೆ, ಚರ್ಚೆ, ಲೆಕ್ಕ, ಏನೇ ಆಗಿರಲಿ, ಅದು ನಿಂತ ಮೇಲೆ ಕೊನೆಗೆ ನೆಲೆಗೊಂಡ ಸ್ಥಿತಿಯನ್ನು ಹೇಳುವುದೇ ಈ ಕ್ರಿಯಾಪದದ ಕೆಲಸ. ಖರ್ಚು ನಿಂತ ಮೇಲೆ ಉಳಿದ ಹಣ, ತೊಟ್ಟು ನೋಡಿದ ಮೇಲೆ ಮೈಗೆ ಕೂತ ಅಂಗಿ, ಮಾತುಕತೆ ಮುಗಿದ ಮೇಲೆ ನಿಂತ ತೀರ್ಮಾನ, ಅಡುಗೆ ಮುಗಿದ ಮೇಲೆ ಬಂದ ರುಚಿ: ಇವೆಲ್ಲವೂ ಆ ಒಂದು ನೋಟದೊಳಗೆ ಬರುತ್ತವೆ. ಪಟ್ಟಿಯನ್ನು ಬಾಯಿಪಾಠ ಮಾಡುವ ಬದಲು ಈ ನೋಟವನ್ನು ಹಿಡಿದರೆ ಅರ್ಧ ದುರಸ್ತಿ ಮುಗಿಯಿತು. ಉಳಿದ ಅರ್ಧಕ್ಕೆ ವಾಕ್ಯದಲ್ಲಿ ಮೂರು ಜಾಗಗಳನ್ನು ನೋಡಬೇಕು.

ಮೊದಲ ತಪಾಸಣೆ: ‘ಗೆ’ ಯಾರಿಗೆ ಸೇರಿದೆ?

ಕ್ರಿಯಾಪದದ ಹಿಂದೆ ಮೆ, ತೆ, ಲೆ, ನೊಸ್, ಲೆಸ್ ಎಂಬ ಪುಟ್ಟ ಪದಗಳಲ್ಲಿ ಯಾವುದಾದರೂ ಇದೆಯೇ ಎಂದು ನೋಡಿ. ಇದ್ದರೆ, ಕ್ರಿಯಾಪದದ ರೂಪ ಆ ವ್ಯಕ್ತಿಗೆ ಹೊಂದಿಕೊಂಡಿದೆಯೇ ಅಥವಾ ಬೇರೊಂದು ವಸ್ತುವಿಗೆ ಹೊಂದಿಕೊಂಡಿದೆಯೇ ಎಂದು ಪರೀಕ್ಷಿಸಿ. ‘ಮೆ ಕೇದನ್ ದೋಸ್ ಪೇಸೊಸ್’ ಎಂಬಲ್ಲಿ ‘ಮೆ’ ಎಂದರೆ ನನಗೆ. ‘ಕೇದನ್’ ಎಂಬುದು ಬಹುವಚನ, ಅದು ಹೊಂದಿಕೊಂಡಿರುವುದು ಎರಡು ಪೇಸೊಗಳಿಗೆ. ಒಂದೇ ಪೇಸೊ ಇದ್ದರೆ ‘ಮೆ ಕೇದ ಉನ್ ಪೇಸೊ’ ಎಂದಾಗುತ್ತದೆ. ‘ನನಗೆ ಎರಡು ಉಳಿದಿವೆ, ನನಗೆ ಒಂದು ಉಳಿದಿದೆ’ ಎಂಬ ಕನ್ನಡವನ್ನು ಪಕ್ಕದಲ್ಲಿಟ್ಟು ನೋಡಿದರೆ ಕೀಲು ಕೀಲಿಗೂ ಹೊಂದಾಣಿಕೆ ಕಾಣುತ್ತದೆ: ನಮ್ಮಲ್ಲಿಯೂ ಉಳಿಯುವುದು ವಸ್ತು, ವ್ಯಕ್ತಿ ಚತುರ್ಥಿ ವಿಭಕ್ತಿಯಲ್ಲಿದ್ದಾನೆ.

ಇಲ್ಲಿ ಸ್ವಲ್ಪ ನಿಲ್ಲಬೇಕೆನಿಸುತ್ತದೆ, ಏಕೆಂದರೆ ಇದು ಕನ್ನಡಿಗರಿಗೆ ಇರುವ ನಿಜವಾದ ಅನುಕೂಲ, ಮತ್ತು ಅದನ್ನು ನಾವು ಬಳಸಿಕೊಳ್ಳದೆ ಇರುವುದು ನನಗೆ ನೋವಿನ ಸಂಗತಿ. ಇಂಗ್ಲಿಷ್ ಭಾಷಿಕರಿಗೆ ಈ ವಾಕ್ಯ ತಲೆಕೆಳಗಾಗಿ ಕಾಣುತ್ತದೆ, ಆದ್ದರಿಂದ ಅವರಿಗಾಗಿ ಬರೆದ ಪಠ್ಯಪುಸ್ತಕಗಳು ಇದನ್ನು ವಿಚಿತ್ರ ರಚನೆಯೆಂದು ಪರಿಚಯಿಸಿ, ಪುಟಗಟ್ಟಲೆ ಅಭ್ಯಾಸ ಕೊಡುತ್ತವೆ. ‘ನನಗೆ ಹಸಿವಾಗಿದೆ’, ‘ನನಗೆ ನೆನಪಿದೆ’, ‘ನನಗೆ ಇಷ್ಟ’, ‘ನನಗೆ ಬೇಕು’ ಎನ್ನುತ್ತ ಬೆಳೆದವರಿಗೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಆದರೂ ‘ಯೋ ಕೇದೊ’ ಎಂಬ ತಪ್ಪು ನಮ್ಮ ಬಾಯಿಗೆ ಬರುವುದು ‘ಐ ಹ್ಯಾವ್ ಟೂ ಲೆಫ್ಟ್’ ಎಂದು ಮೊದಲು ಇಂಗ್ಲಿಷಿನಲ್ಲಿ ವಾಕ್ಯ ಕಟ್ಟಿ, ಆಮೇಲೆ ಅದನ್ನು ಸ್ಪ್ಯಾನಿಷಿಗೆ ತಿರುಗಿಸುವುದರಿಂದ.

ಉಡುಪಿನ ಪ್ರಯೋಗವೂ ಇದೇ ಕೀಲಿನ ಮೇಲೆ ತಿರುಗುತ್ತದೆ. ‘ಲಾ ಕಮೀಸ ತೆ ಕೇದ ಗ್ರಾಂದೆ’ ಎಂದರೆ ‘ಅಂಗಿ ನಿನಗೆ ದೊಡ್ಡದಾಗುತ್ತದೆ’. ‘ತೆ ಕೇದ ಬ್ಯೇನ್’ ಎಂದರೆ ‘ನಿನಗೆ ಚೆನ್ನಾಗಿ ಒಪ್ಪುತ್ತದೆ’. ಎರಡನೆಯ ಲಕ್ಷಣ ಇಲ್ಲಿಗೆ ಪರಿಹಾರವಾಯಿತು. ಒಬ್ಬನ ಯೋಗ್ಯತೆಗೆ ಮೀರಿದ ಹುದ್ದೆಯ ಬಗ್ಗೆಯೂ ಸ್ಪ್ಯಾನಿಷಿನಲ್ಲಿ ‘ಎಲ್ ಕಾರ್ಗೊ ಲೆ ಕೇದ ಗ್ರಾಂದೆ’, ಅಂದರೆ ಹುದ್ದೆ ಅವನಿಗೆ ಅಳತೆಗಿಂತ ದೊಡ್ಡದಾಯಿತು ಎನ್ನುತ್ತಾರೆ. ಅಂಗಿಯ ವಾಕ್ಯವನ್ನು ಸರಿಯಾಗಿ ಹಿಡಿದವರಿಗೆ ಇದು ಹೇಳಿಕೊಡದೆಯೇ ಹೊಳೆಯುತ್ತದೆ.

ಪುಟ್ಟ ಪದ ಯಾವುದೂ ಇಲ್ಲದೆ ಕರ್ತೃ ಒಂದು ಸ್ಥಳವಾಗಿದ್ದರೆ ಅರ್ಥ ಬೇರೆ. ‘ದೋಂದೆ ಕೇದ ಲಾ ಎಸ್ತಸ್ಯೋನ್?’ ಎಂದರೆ ‘ನಿಲ್ದಾಣ ಎಲ್ಲಿ ಬರುತ್ತದೆ?’ ಇದನ್ನು ‘ಎಲ್ಲಿದೆ’ ಎಂದು ಅನುವಾದಿಸಿದರೆ ತಪ್ಪಿಲ್ಲ, ಆದರೆ ‘ಎಲ್ಲಿ ಬರುತ್ತದೆ’ ಎಂಬ ನಮ್ಮ ಆಡುಮಾತೇ ಸರಿಯಾದ ಜೋಡಿ, ಏಕೆಂದರೆ ಎರಡೂ ಕದಲದ ಸ್ಥಳಗಳಿಗೆ ಮಾತ್ರ ಸಲ್ಲುತ್ತವೆ. ಮ್ಯಾಡ್ರಿಡ್‌ನ ಪ್ರಾದೊ ವಸ್ತುಸಂಗ್ರಹಾಲಯ ಅತೋಚ ರೈಲು ನಿಲ್ದಾಣದ ಹತ್ತಿರ ಬರುತ್ತದೆ ಎನ್ನಲು ‘ಎಲ್ ಪ್ರಾದೊ ಕೇದ ಸೇರ್ಕ ದೆ ಅತೋಚ’ ಎನ್ನಬಹುದು. ಕನ್ನಡಕ ಎಲ್ಲಿ ಬರುತ್ತದೆ, ತಮ್ಮ ಎಲ್ಲಿ ಬರುತ್ತಾನೆ ಎಂದು ನಾವು ಆ ಅರ್ಥದಲ್ಲಿ ಕೇಳದ ಹಾಗೆಯೇ, ಸ್ಪ್ಯಾನಿಷಿನಲ್ಲಿಯೂ ಕದಲುವ ವಸ್ತುಗಳಿಗೆ ಮತ್ತು ಜನರಿಗೆ ‘ಎಸ್ತಾರ್’ ಎಂಬ ಕ್ರಿಯಾಪದ ಬೇಕು.

ಎರಡನೆಯ ತಪಾಸಣೆ: ‘ಸೆ’ ಇದೆಯೇ, ಇಲ್ಲವೇ?

ಕೆದಾರ್ ಮತ್ತು ‘ಕೆದಾರ್ಸೆ’ ಎರಡು ಬೇರೆ ಉಪಕರಣಗಳೆಂದು ಎಣಿಸುವುದು ಸುರಕ್ಷಿತ. ಕರ್ತೃವೂ ಪುಟ್ಟ ಪದವೂ ಒಬ್ಬರನ್ನೇ ಸೂಚಿಸಿದಾಗ, ಅಂದರೆ ‘ಮೆ ಕೇದೊ’, ‘ತೆ ಕೇದಸ್’, ‘ಸೆ ಕೇದ’ ಎಂದು ಬಂದಾಗ ಅದು ಆತ್ಮಾರ್ಥಕ ರೂಪ. ಇದರ ಅರ್ಥವನ್ನು ಹಿಡಿಯಲು ಕನ್ನಡದ ಎರಡು ಸಹಾಯಕ ಕ್ರಿಯಾಪದಗಳು ಸಾಕಾಗುತ್ತವೆ: ಇಚ್ಛೆಯಿಂದ ಆದದ್ದಕ್ಕೆ ‘ಕೊಳ್ಳು’, ತನ್ನ ಕೈಮೀರಿ ಆದದ್ದಕ್ಕೆ ‘ಬಿಡು’.

‘ಮೆ ಕೆದೇ ಎನ್ ಕಾಸ’ ಎಂದರೆ ಮನೆಯಲ್ಲಿಯೇ ಉಳಿದುಕೊಂಡೆ. 2020ರಲ್ಲಿ ಕೋವಿಡ್ ಹರಡಿದಾಗ ಸ್ಪೇನಿನಲ್ಲಿಯೂ ಲ್ಯಾಟಿನ್ ಅಮೆರಿಕದ ದೇಶಗಳಲ್ಲಿಯೂ ಎಲ್ಲೆಡೆ ಕೇಳಿಬಂದ ‘ಕೇದತೆ ಎನ್ ಕಾಸ’ ಎಂಬ ಕರೆ, ಅಂದರೆ ‘ಮನೆಯಲ್ಲೇ ಉಳಿದುಕೊ’ ಎಂಬುದು, ಇದೇ ರೂಪದ ಆಜ್ಞಾರ್ಥಕ. ಕೋಟ್ಯಂತರ ಜನ ದಿನವೂ ಓದಿದ ಈ ಮೂರು ಮಾತಿನ ವಾಕ್ಯಾಂಶವನ್ನು ಮಾದರಿಯಾಗಿ ನೆನಪಿಟ್ಟುಕೊಂಡರೆ ‘ಉಳಿದುಕೊಳ್ಳು’ ಎಂಬ ಅರ್ಥಕ್ಕೆ ‘ಸೆ’ ಬೇಕು ಎಂಬುದು ಮರೆಯುವುದಿಲ್ಲ. ‘ಮೆ ಕೇದೊ ಕೊನ್ ಏಸ್ತೆ’ ಎಂದು ಅಂಗಡಿಯಲ್ಲಿ ಹೇಳಿದರೆ ‘ಇದನ್ನು ಇಟ್ಟುಕೊಳ್ಳುತ್ತೇನೆ, ಇದೇ ಇರಲಿ’ ಎಂದು. ‘ಕೇದೆಸೆ ಕೊನ್ ಎಲ್ ಕಾಂಬ್ಯೊ’ ಎಂದರೆ ‘ಚಿಲ್ಲರೆ ಇಟ್ಟುಕೊಳ್ಳಿ’. ಈ ಎಲ್ಲ ಕನ್ನಡ ವಾಕ್ಯಗಳಲ್ಲಿಯೂ ‘ಕೊಳ್ಳು’ ಹೇಗೆ ತಾನಾಗಿಯೇ ಬಂದು ಕೂತಿದೆ ನೋಡಿ.

ಕೈಮೀರಿದ ಪ್ರಸಂಗಗಳಲ್ಲಿ ‘ಬಿಡು’ ಬರುತ್ತದೆ. ‘ಮೆ ಕೆದೇ ದೊರ್ಮೀದೊ’ ಎಂದರೆ ನಿದ್ದೆ ಹೋಗಿಬಿಟ್ಟೆ. ‘ಸೆ ಕೆದೋ ಕಯಾದೊ’ ಎಂದರೆ ಸುಮ್ಮನಾಗಿಬಿಟ್ಟ. ‘ಮೆ ಕೆದೇ ಸಿನ್ ಗಸೊಲೀನ’ ಎಂದರೆ ಪೆಟ್ರೋಲ್ ಇಲ್ಲದೆ ನಿಂತುಬಿಟ್ಟೆ. ಕೊನೆಯ ವಾಕ್ಯದಲ್ಲಿ ಮಾತ್ರ ಎಚ್ಚರ ಬೇಕು. ನಾವು ಸಾಮಾನ್ಯವಾಗಿ ‘ಪೆಟ್ರೋಲ್ ಮುಗಿಯಿತು’ ಎಂದು ಪೆಟ್ರೋಲನ್ನು ಕರ್ತೃ ಮಾಡುತ್ತೇವೆ, ಆದರೆ ಈ ಸ್ಪ್ಯಾನಿಷ್ ರಚನೆಯಲ್ಲಿ ಕರ್ತೃ ವ್ಯಕ್ತಿಯೇ. ಬ್ಯಾಟರಿ, ಹಣ, ಕೆಲಸ, ಉಸಿರು ಯಾವುದು ಹೋದರೂ ಅದಿಲ್ಲದ ಸ್ಥಿತಿಯಲ್ಲಿ ಉಳಿಯುವವನು ಮನುಷ್ಯ. ಇನ್ನೊಂದು ಚಿಕ್ಕ ದೋಷ ಇಲ್ಲಿ ಅಡಗಿರುತ್ತದೆ: ಹೇಳುವವಳು ಹೆಂಗಸಾದರೆ ‘ದೊರ್ಮೀದ’ ಎನ್ನಬೇಕು. ಕನ್ನಡದಲ್ಲಿ ‘ಹೋಗಿಬಿಟ್ಟೆ’ ಎಂಬುದಕ್ಕೆ ಲಿಂಗಭೇದವಿಲ್ಲದ್ದರಿಂದ ಈ ಕೊನೆಯ ಸ್ವರವನ್ನು ನಾವು ಬಹಳ ದಿನ ಗಮನಿಸುವುದೇ ಇಲ್ಲ.

ಮೆಚ್ಚಲೇಬೇಕಾದ ಒಂದು ರಚನೆಯಲ್ಲಿ ‘ಸೆ’ಯೂ ‘ಗೆ’ಯೂ ಒಟ್ಟಿಗೆ ಬರುತ್ತವೆ. ‘ಸೆ ಮೆ ಕೆದಾರೊನ್ ಲಾಸ್ ಯಾಬೆಸ್ ಎನ್ ಕಾಸ’ ಎಂದರೆ ‘ಬೀಗದ ಕೈಗಳು ಮನೆಯಲ್ಲಿಯೇ ಉಳಿದುಬಿಟ್ಟವು’. ಮರೆತವನು ನಾನೇ ಆದರೂ ವಾಕ್ಯದಲ್ಲಿ ಉಳಿದದ್ದು ಬೀಗದ ಕೈ. ಅದರ ತೊಂದರೆ ತಟ್ಟಿದ್ದು ನನಗೆ. ನಾವೂ ಹೀಗೆಯೇ ಮಾತನಾಡುತ್ತೇವೆ. ತಾನಾಗಿಯೇ ‘ಬಿಟ್ಟುಬಂದೆ’ ಎನ್ನಬೇಕಾದರೆ ‘ದೆಹಾರ್’ ಎಂಬ ಸಕರ್ಮಕ ಕ್ರಿಯಾಪದ ಬೇಕು: ‘ದೆಹೇ ಲಾಸ್ ಯಾಬೆಸ್ ಎನ್ ಕಾಸ’. ಕೆದಾರ್ ಅಕರ್ಮಕ, ನಮ್ಮ ‘ಉಳಿ’ಯ ಹಾಗೆ, ದೆಹಾರ್ ಸಕರ್ಮಕ, ನಮ್ಮ ‘ಬಿಡು’ವಿನ ಹಾಗೆ. ‘ಕೆದೇ ಲಾಸ್ ಯಾಬೆಸ್’ ಎಂಬ ಪ್ರಯೋಗ ಸ್ಪೇನಿನ ಪಶ್ಚಿಮ ಭಾಗದ ಕೆಲವು ಕಡೆ ಆಡುಮಾತಿನಲ್ಲಿ ಇದೆಯಾದರೂ ಪ್ರಮಾಣಭಾಷೆ ಅದನ್ನು ಒಪ್ಪುವುದಿಲ್ಲವಾದ್ದರಿಂದ, ಕಲಿಯುವವರು ಅದರ ತಂಟೆಗೆ ಹೋಗದಿರುವುದೇ ಸರಿ.

ಮೂರನೆಯ ತಪಾಸಣೆ: ಮುಂದೆ ನಿಂತ ಚಿಕ್ಕ ಪದ ಯಾವುದು?

ನಾನು ಕಲಿಯುತ್ತಿದ್ದ ಕಾಲದಲ್ಲಿ, ಪರಿಚಯದ ಒಬ್ಬರೊಂದಿಗೆ ಶನಿವಾರ ಸಂಜೆಯ ಭೇಟಿ ಗೊತ್ತಾಗಿದೆ ಎಂದು ಮೂರನೆಯವರಿಗೆ ಬರೆಯುವಾಗ ‘ಮೆ ಕೆದೇ ಕೊನ್’ ಎಂದು ಬರೆದುಬಿಟ್ಟೆ. ಓದಿದವರಿಗೆ ನಾನು ಆ ವ್ಯಕ್ತಿಯ ಮನೆಯಲ್ಲಿ ಉಳಿದುಕೊಂಡಿದ್ದೆನೆಂದು ತಿಳಿಯಿತು, ಮತ್ತು ಆ ತಪ್ಪು ತಿಳಿವಳಿಕೆ ಇನ್ನಿಬ್ಬರಿಗೆ ಮುಟ್ಟಿದ ಮೇಲೆ ಸರಿಪಡಿಸಲು ನಾನು ಮತ್ತೆ ಮತ್ತೆ ವಿವರಣೆ ಬರೆಯಬೇಕಾಯಿತು. ಇನ್ನೊಬ್ಬರ ಹೆಸರಿಗೆ ತಾಗುವ ತಪ್ಪಾದ್ದರಿಂದ ಇದನ್ನು ನಾನು ಇಂದಿಗೂ ಹಗುರವಾಗಿ ಕಾಣುವುದಿಲ್ಲ. ನಾಲ್ಕನೆಯ ಲಕ್ಷಣವನ್ನು ಗಂಭೀರವೆಂದು ಮೇಲೆ ಕರೆದದ್ದು ಈ ಕಾರಣಕ್ಕೆ.

‘ಸೆ’ ಇಲ್ಲದೆ ‘ಕೊನ್’ ಬಂದು, ಅದರ ಮುಂದೆ ವ್ಯಕ್ತಿಯ ಹೆಸರಿದ್ದರೆ, ಸ್ಪೇನಿನ ರೂಢಿಯಲ್ಲಿ ಅದು ಭೇಟಿಗೆ ಮಾತಾದ ವಿಷಯ. ‘ಅ ಕೇ ಓರ ಕೆದಾಮೊಸ್?’ ಎಂದರೆ ‘ಎಷ್ಟು ಹೊತ್ತಿಗೆ ಸಿಗೋಣ?’ ‘ಓಯ್ ನೊ ಪ್ವೇದೊ, ಎ ಕೆದಾದೊ’ ಎಂದರೆ ‘ಇವತ್ತು ಆಗುವುದಿಲ್ಲ, ಬೇರೆಯವರೊಂದಿಗೆ ಮಾತಾಗಿದೆ’. ಇಲ್ಲಿ ಯಾರೂ ಎಲ್ಲಿಯೂ ಉಳಿದಿಲ್ಲ, ಉಳಿದಿರುವುದು ಮಾತು. ಕನ್ನಡದ ‘ಮಾತಾಗಿದೆ’ ಎಂಬ ನುಡಿಯನ್ನು ಇದಕ್ಕೆ ಕಟ್ಟಿಹಾಕಿಕೊಂಡ ಮೇಲೆ ನನಗೆ ಆ ತಪ್ಪು ಮರುಕಳಿಸಲಿಲ್ಲ.

‘ಎನ್’ ಬಂದರೆ ತೀರ್ಮಾನ. ‘ಕೆದಾಮೊಸ್ ಎನ್ ಬೇರ್ನೊಸ್ ಅ ಲಾಸ್ ಸೀಂಕೊ’ ಎಂದರೆ ಐದು ಗಂಟೆಗೆ ಭೇಟಿಯಾಗುವುದೆಂದು ಮಾತಾಯಿತು. ಬಗೆಹರಿಯದ ಚರ್ಚೆಯ ನಡುವೆ ‘ಎನ್ ಕೇ ಕೆದಾಮೊಸ್?’ ಎಂದರೆ ‘ಕೊನೆಗೆ ಏನೆಂದು ತೀರ್ಮಾನ?’ ಆದರೆ ‘ಎನ್’ ಮುಂದೆ ಸ್ಥಳದ ಹೆಸರಿದ್ದು, ಹಿಂದೆ ‘ಮೆ’ ಇದ್ದರೆ ಅದು ತೀರ್ಮಾನವಲ್ಲ, ಮೇಲೆ ನೋಡಿದ ಉಳಿದುಕೊಳ್ಳುವಿಕೆ. ‘ಪೊರ್’ ಬಂದರೆ ಬಾಕಿ: ‘ಕೇದ ಮೂಚೊ ಪೊರ್ ಅಸೇರ್’, ಅಂದರೆ ಮಾಡಬೇಕಾದದ್ದು ಬಹಳ ಉಳಿದಿದೆ. ‘ಸಿನ್’ ಬಂದರೆ ಇಲ್ಲವಾಗುವಿಕೆ, ಅದನ್ನು ಪೆಟ್ರೋಲಿನ ವಾಕ್ಯದಲ್ಲಿ ಕಂಡೆವು.

‘ಕೆದಾರ್ ಬ್ಯೇನ್ ಕೊನ್’ ಎಂಬುದನ್ನು ಇವುಗಳಿಂದ ಬೇರೆ ಇಡಬೇಕು. ಒಬ್ಬರ ದೃಷ್ಟಿಯಲ್ಲಿ ಒಳ್ಳೆಯವನೆನಿಸಿಕೊಳ್ಳುವುದು ಅದರ ಅರ್ಥ. ‘ಮಾಲ್’ ಬಂದರೆ ಕೆಟ್ಟವನೆನಿಸಿಕೊಳ್ಳುವುದು. ಇಂಗ್ಲಿಷಿನಲ್ಲಿ ಇದಕ್ಕೆ ಸುತ್ತುಬಳಸಿ ವಿವರಣೆ ಕೊಡಬೇಕಾಗುತ್ತದೆ, ಕನ್ನಡದಲ್ಲಿ ‘ಎನಿಸಿಕೊಳ್ಳು’ ಎಂಬ ಒಂದೇ ಪದ ಸಾಕು.

ಮೂರು ತಪಾಸಣೆಗೂ ಸಿಗದ ಪ್ರಯೋಗಗಳು

ಮೂರನ್ನೂ ಮಾಡಿ ಮುಗಿಸಿದ ಮೇಲೂ ಅರ್ಥ ಹೊಂದದಿದ್ದರೆ, ಕ್ರಿಯಾಪದದ ನಂತರ ಗುಣವಾಚಕ ಅಥವಾ ಕೃದಂತ ಇದೆಯೇ ಎಂದು ನೋಡಿ. ಇದ್ದರೆ ಕನ್ನಡದ ‘ಆಗು’ ಅಥವಾ ‘ಬರು’ವನ್ನು ಹಾಕಿ ಪರೀಕ್ಷಿಸಬೇಕು. ‘ಲಾ ಸೋಪ ಕೆದೋ ರೀಕ’ ಎಂದರೆ ಸೂಪ್ ರುಚಿಯಾಗಿ ಬಂತು. ‘ಮೆ ಕೆದೋ ರೀಕ’ ಎಂದರೆ ನನ್ನ ಕೈಯಲ್ಲಿ ರುಚಿಯಾಗಿ ಬಂತು. 2010ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನಡೆದ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಸ್ಪೇನ್ ಗೆದ್ದು ನೆದರ್ಲೆಂಡ್ಸ್ ಎರಡನೆಯ ಸ್ಥಾನ ಪಡೆದದ್ದನ್ನು ‘ಒಲಾಂದ ಕೆದೋ ಸೆಗೂಂದ’ ಎಂದು ಹೇಳಬಹುದು. ನಾವೂ ‘ಎರಡನೆಯದಾಗಿ ಬಂತು’ ಎನ್ನುತ್ತೇವೆ. ಸೂಚನಾಫಲಕಗಳಲ್ಲಿ ಕಾಣುವ ‘ಕೇದ ಪ್ರೊಯಿಬೀದೊ’ ಎಂಬುದು ‘ನಿಷೇಧಿಸಲಾಗಿದೆ’ ಎಂಬ ಆಡಳಿತದ ಗಂಭೀರ ಧಾಟಿ. ಕಚೇರಿ ಪತ್ರದ ಕೊನೆಯಲ್ಲಿ ಬರುವ ‘ಕೇದೊ ಅ ಲಾ ಎಸ್ಪೇರ ದೆ ಸು ರೆಸ್ಪ್ವೇಸ್ತ’ ಎಂದರೆ ‘ತಮ್ಮ ಉತ್ತರದ ನಿರೀಕ್ಷೆಯಲ್ಲಿರುತ್ತೇನೆ’; ಸ್ಪ್ಯಾನಿಷ್ ಭಾಷಿಕರೊಂದಿಗೆ ಪತ್ರವ್ಯವಹಾರ ಮಾಡುವವರು ಇದನ್ನು ಇಡಿಯಾಗಿ ಕಲಿತುಕೊಳ್ಳುವುದು ಒಳ್ಳೆಯದು.

ಮೆಕ್ಸಿಕೊದವರೊಡನೆ ಕೆಲಸ ಮಾಡುವವರ ಕಿವಿಗೆ ‘ಯಾ ಕೆದೋ’ ಎಂಬ ಮಾತು ಪದೇ ಪದೇ ಬೀಳುತ್ತದೆ. ಕೊಟ್ಟ ಕೆಲಸ ಮುಗಿದಾಗ, ಕೆಟ್ಟದ್ದು ರಿಪೇರಿಯಾದಾಗ, ಕಡತ ಕಳುಹಿಸಿ ಆದಾಗ ಅವರು ಹೇಳುವುದು ಇದನ್ನೇ. ‘ಆಗಲೇ ಉಳಿಯಿತು’ ಎಂದು ಪದಶಃ ಬಿಡಿಸಲು ಹೋದರೆ ಏನೂ ತಿಳಿಯುವುದಿಲ್ಲ. ಅದು ನಮ್ಮ ‘ಆಯ್ತು’. ಪ್ರಶ್ನೆಯ ರಾಗದಲ್ಲಿ ಕೇಳಿದರೆ ‘ಆಯ್ತಾ?’

ದೇಶಕ್ಕೆ ತಕ್ಕಂತೆ ಕಾಣುವ ವ್ಯತ್ಯಾಸಗಳನ್ನು ದೋಷವೆಂದು ಎಣಿಸಬಾರದು. ಐದು ಗಂಟೆಗೆ ಭೇಟಿಯಾಗುವ ವಾಕ್ಯದಲ್ಲಿ ಮೆಕ್ಸಿಕೊದವರು ‘ಎನ್’ ಬದಲು ‘ದೆ’ ಹಾಕಿ ‘ಕೆದಾಮೊಸ್ ದೆ ಬೇರ್ನೊಸ್’ ಎನ್ನುತ್ತಾರೆ. ಸ್ಥಳ ಕೇಳುವಾಗ ‘ದೋಂದೆ ಕೇದ’ ಎಂಬುದು ಲ್ಯಾಟಿನ್ ಅಮೆರಿಕದಲ್ಲಿ ಹೆಚ್ಚು ಸಹಜ. ಸ್ಪೇನಿನಲ್ಲಿ ‘ದೋಂದೆ ಎಸ್ತಾ’ ಎಂದು ಕೇಳುವವರು ಹೆಚ್ಚು. ಒಂದು ದೇಶದ ರೂಢಿಯನ್ನು ಆರಿಸಿಕೊಂಡು ಮಾತನಾಡಿ, ಉಳಿದವುಗಳನ್ನು ಕೇಳಿ ತಿಳಿಯುವಷ್ಟು ಪರಿಚಯ ಇಟ್ಟುಕೊಂಡರೆ ಸಾಕೆಂಬುದು ನನ್ನ ಅಭಿಪ್ರಾಯ.

ದುರಸ್ತಿಯಾಯಿತೇ ಎಂದು ಪರೀಕ್ಷಿಸುವ ಬಗೆ

ಒಂದು ನೋಟ್‌ಪುಸ್ತಕದಲ್ಲಿ ಪ್ರತಿಯೊಂದು ಪ್ರಯೋಗಕ್ಕೂ ಒಂದು ಸ್ಪ್ಯಾನಿಷ್ ವಾಕ್ಯವನ್ನೂ ಅದರ ಎದುರಿಗೆ ನೀವು ಮನೆಯಲ್ಲಿ ನಿಜವಾಗಿ ಆಡುವ ಕನ್ನಡ ವಾಕ್ಯವನ್ನೂ ಬರೆಯಿರಿ; ಪದಕ್ಕೆ ಪದವನ್ನು ಬರೆಯಬೇಡಿ, ಇಂಗ್ಲಿಷ್ ಅರ್ಥವನ್ನು ಬರೆಯಲೇಬೇಡಿ. ಉತ್ತರ ಕರ್ನಾಟಕದವರು ತಮ್ಮ ಮಾತಿನಲ್ಲಿ, ಕರಾವಳಿಯವರು ತಮ್ಮ ಮಾತಿನಲ್ಲಿ ಬರೆದುಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಜೋಡಿ ಗಟ್ಟಿಯಾಗುವುದು ಬಾಯಲ್ಲಿ ಇರುವ ಮಾತಿನೊಂದಿಗೆ. ಕೆಲವು ದಿನಗಳ ನಂತರ ಕನ್ನಡದ ಸಾಲನ್ನು ಮಾತ್ರ ನೋಡಿ ಸ್ಪ್ಯಾನಿಷನ್ನು ಹೇಳಿ. ಎಲ್ಲಿ ತಡವರಿಸುತ್ತೀರೋ ಆ ವಾಕ್ಯವನ್ನು ಎತ್ತಿಕೊಂಡು, ‘ಗೆ’ ಯಾರಿಗೆ, ‘ಸೆ’ ಇದೆಯೇ, ಮುಂದಿನ ಚಿಕ್ಕ ಪದ ಯಾವುದು ಎಂಬ ಕ್ರಮದಲ್ಲಿಯೇ ಮತ್ತೆ ತಪಾಸಣೆ ಮಾಡಿ. ನನ್ನ ಅನುಭವದಲ್ಲಿ ತಡವರಿಕೆ ಬಹುಮಟ್ಟಿಗೆ ಉಳಿದುಕೊಳ್ಳುವುದು ‘ಸೆ’ಯ ಬಳಿ, ಹಾಗಾದರೆ ‘ಕೊಳ್ಳು’ ಮತ್ತು ‘ಬಿಡು’ ಇರುವ ವಾಕ್ಯಗಳನ್ನಷ್ಟೇ ಪ್ರತ್ಯೇಕ ಪುಟದಲ್ಲಿ ಬರೆದು ಅಭ್ಯಾಸ ಮಾಡಿದರೆ ಫಲ ಬೇಗ ಕಾಣುತ್ತದೆ.

ಕೊನೆಯ ಪರೀಕ್ಷೆಗೆ ಒಂದು ವಾಕ್ಯ ಕೊಡುತ್ತೇನೆ: ‘ನೊ ಮೆ ಕೇದ ಓತ್ರ ಕೆ ಕೆದಾರ್ಮೆ’. ಇದರಲ್ಲಿ ಕ್ರಿಯಾಪದ ಎರಡು ಬಾರಿ ಬಂದಿದೆ. ಮೊದಲನೆಯದರಲ್ಲಿ ಕರ್ತೃ ‘ಬೇರೆ ದಾರಿ’, ‘ಮೆ’ ಎಂದರೆ ನನಗೆ. ಎರಡನೆಯದರಲ್ಲಿ ಕರ್ತೃ ನಾನೇ, ಕೊನೆಗೆ ಅಂಟಿರುವ ‘ಮೆ’ ಆತ್ಮಾರ್ಥಕ. ಇಂಗ್ಲಿಷಿಗೆ ಹೋಗದೆ, ನಿಘಂಟನ್ನು ತೆರೆಯದೆ, ‘ಉಳಿದುಕೊಳ್ಳದೆ ನನಗೆ ಬೇರೆ ದಾರಿ ಉಳಿದಿಲ್ಲ’ ಎಂದು ನಿಮಗೆ ನೇರವಾಗಿ ಕೇಳಿಸಿದರೆ ದೋಷ ನಿವಾರಣೆಯಾಗಿದೆ.